ಗಾಳಿ ಫ್ಯಾನು ಮೋಡ ಓಡಿಸುತ್ತದೆಯೇ?

ಕುಷ್ಟಗಿ, ಯಲಬುರ್ಗಾ, ಕುಕನೂರು ಸೀಮೆಯಲ್ಲಿ ಈಗ ಎತ್ತ ತಿರುಗಿದರೂ ಗಾಳಿ ಫ್ಯಾನುಗಳು ಕಣ್ಣಿಗೆ ಬೀಳುತ್ತವೆ. ಸಜ್ಜೆ, ಹೆಸರು, ತೊಗರಿ ಬೆಳೆಯುವ ಮಸಾರಿ ಹೊಲಗಳ ನಡುವೆ ಬಿಳಿ ಕಂಬಗಳು ಸಾಲುಗಟ್ಟಿವೆ. 2024–25ರ ಒಂದೇ ವರ್ಷದಲ್ಲಿ ಕರ್ನಾಟಕ 1,331 ಮೆಗಾವ್ಯಾಟ್ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿಕೊಂಡು ದೇಶಕ್ಕೇ ಮೊದಲಾಯಿತು. ಆ ಬೆಳವಣಿಗೆಯ ದೊಡ್ಡ ಪಾಲು ಗದಗ, ಕೊಪ್ಪಳ, ವಿಜಯಪುರದ ಕಡೆಯ ಬಯಲುಗಳದ್ದು. ಫ್ಯಾನುಗಳ ಜೊತೆಗೇ ಒಂದು ಮಾತೂ ಊರಿಂದ ಊರಿಗೆ ಹಬ್ಬಿದೆ. ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಹೊಲದ ಬದುವಿನ ಮೇಲೆ ಅದೇ ಮಾತು: "ಈ ಫ್ಯಾನು ಬಂದ ಮ್ಯಾಲೆ ಮಳಿ ಹೋತು. ಮೋಡ ಬರ್ತಾವು, ಇವು ತಿರಿಗಿ ತಿರಿಗಿ ಅವನ್ನ ಮುಂದಕ್ಕ ದಬ್ಬತಾವು."

ಇದಕ್ಕೆ ಎದುರಾಗಿ ಇನ್ನೊಂದು ಮಾತಿದೆ. ಯೋಜನೆಯ ಪರ ನಿಂತವರು ಹೇಳುವುದು ಅದು: ಗಾಳಿ ಹೇಗೂ ಬೀಸುತ್ತದೆ, ಫ್ಯಾನು ಅದರಲ್ಲಿ ಸುಮ್ಮನೆ ತಿರುಗುತ್ತದೆ, ಯಾರಿಗೂ ಏನೂ ಕಡಿಮೆಯಾಗುವುದಿಲ್ಲ, ಪುಕ್ಕಟೆ ಕರೆಂಟು ಸಿಗುತ್ತದೆ. ಮೊದಲನೆಯದನ್ನು ಹಳ್ಳಿಗರ ಮೂಢನಂಬಿಕೆ ಎಂದೂ ಎರಡನೆಯದನ್ನು ವಿಜ್ಞಾನ ಎಂದೂ ಭಾವಿಸುವುದು ವಾಡಿಕೆ. ನನ್ನ ವಾದವೆಂದರೆ ಎರಡೂ ತಪ್ಪು, ಮತ್ತು ಎರಡೂ ಒಂದೇ ಕಾರಣಕ್ಕೆ ತಪ್ಪು. ಸಂವೇಗ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಎರಡೂ ಕಡೆಯವರು ಮಾಡಿಲ್ಲ.

ಒಂಬತ್ತನೇ ತರಗತಿಯಲ್ಲಿ ಎಲ್ಲರೂ ಓದಿದ್ದೇ. ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಅದಕ್ಕೆ ದಿಕ್ಕೂ ಉಂಟು. ಹೊರಗಿನಿಂದ ಯಾವುದಾದರೂ ತಳ್ಳದೆ, ತಡೆಯದೆ ಅದು ಬದಲಾಗದು. ಒಂದು ಸೆಕೆಂಡಿಗೆ ಎಷ್ಟು ಬದಲಾಯಿತು ಎಂಬುದೇ ಬಲದ ಅಳತೆ. ನ್ಯೂಟನ್ 1687ರ 'ಪ್ರಿನ್ಸಿಪಿಯಾ'ದಲ್ಲಿ ಎರಡನೇ ನಿಯಮವನ್ನು ಹೇಳಿದ್ದೂ ಹೀಗೆಯೇ, ಚಲನೆಯ ಪ್ರಮಾಣದ ಬದಲಾವಣೆಯ ಮಾತಿನಲ್ಲಿ. ಮೂರನೇ ನಿಯಮವನ್ನೂ ಜೊತೆಗೆ ಇಟ್ಟರೆ ತೀರ್ಮಾನ ಒಂದೇ: ಯಾವುದಾದರೂ ಒಂದು ಸಂವೇಗ ಕಳೆದುಕೊಂಡಿದ್ದರೆ ಇನ್ನೊಂದು ಅದನ್ನು ಪಡೆದಿರಲೇಬೇಕು. ನಡುವೆ ಸೋರಿಹೋಗಲು ದಾರಿಯಿಲ್ಲ.

ತೊಡಕು ಎಲ್ಲಿದೆಯೆಂದರೆ, ನಾವು ಈ ಪಾಠವನ್ನು ಕಲಿತದ್ದು ಚೆಂಡು, ಗುಂಡು, ಬಂದೂಕುಗಳ ಮೂಲಕ. ಗಾಳಿಗೂ ತೂಕವಿದೆ, ಅದಕ್ಕೂ ಸಂವೇಗವಿದೆ ಎಂದು ಯಾರೂ ಒತ್ತಿ ಹೇಳಲಿಲ್ಲ. ಕಣದಲ್ಲಿ ರಾಶಿ ತೂರಿದವರಿಗೆ ಮಾತ್ರ ಇದು ಕೈಯಲ್ಲಿ ಗೊತ್ತು. ಮೊರದಿಂದ ಸುರಿದ ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಮಾರು ದೂರ ಹಾರುತ್ತದೆ. ಗಾಳಿ ತನ್ನ ಸಂವೇಗದಲ್ಲಿ ಒಂದಿಷ್ಟನ್ನು ಎರಡಕ್ಕೂ ಕೊಟ್ಟಿದೆ. ಹಗುರವಾದದ್ದು ಅಷ್ಟರಲ್ಲೇ ಓಡಿತು, ತೂಕದ್ದು ಅಲುಗಿತು ಅಷ್ಟೇ.

ಈಗ ಫ್ಯಾನಿನ ಬಳಿಗೆ ಬರೋಣ. ನಂಬಿಕೆಯ ಬೇರು ಮನೆಯ ಸೀಲಿಂಗ್ ಫ್ಯಾನಿನಲ್ಲಿದೆ. ಅದು ತಿರುಗಿದರೆ ಗಾಳಿ ಬರುತ್ತದೆ. ಹೊಲದಲ್ಲಿ ನಿಂತಿರುವುದೂ ಫ್ಯಾನೇ, ಸಾವಿರ ಪಟ್ಟು ದೊಡ್ಡದು. ಹಾಗಾದರೆ ಅದು ಎಷ್ಟು ಗಾಳಿ ಬಿಡಬೇಡ? ಈ ತರ್ಕ ಸಹಜ. ಆದರೆ ಮನೆಯ ಫ್ಯಾನಿಗೆ ಕರೆಂಟು ಒಳಗೆ ಹೋಗುತ್ತದೆ, ಆ ಖರ್ಚಿನಲ್ಲಿ ಅದು ನಿಂತ ಗಾಳಿಗೆ ಸಂವೇಗ ಕೊಡುತ್ತದೆ. ಹೊಲದ ಫ್ಯಾನಿನಿಂದ ಕರೆಂಟು ಹೊರಗೆ ಬರುತ್ತದೆ. ಅದು ಬೀಸುವ ಗಾಳಿಯಿಂದ ಸಂವೇಗ ಕಸಿದುಕೊಳ್ಳುತ್ತದೆ. ಎರಡಕ್ಕೂ ಲೆಕ್ಕ ಒಂದೇ. ಕೂಡುವ ಚಿಹ್ನೆ ಇದ್ದಲ್ಲಿ ಕಳೆಯುವ ಚಿಹ್ನೆ. ಈ ಲೆಕ್ಕವನ್ನು ಮೊದಲು ಹಾಕಿದವರು ಹಡಗಿನ ನೋದಕದ ಸಲುವಾಗಿ ತಲೆ ಕೆಡಿಸಿಕೊಂಡವರು: 1865ರಲ್ಲಿ ರಾಂಕಿನ್, ಮುಂದೆ 1889ರಲ್ಲಿ ಫ್ರೂಡ್. ನೋದಕ ನೀರನ್ನು ಹಿಂದಕ್ಕೆ ತಳ್ಳಿ ಹಡಗನ್ನು ಮುಂದಕ್ಕೆ ಒಯ್ಯುತ್ತದೆ. ಅದೇ ಸಮೀಕರಣವನ್ನು ತಿರುಗಿಸಿ, ಗಾಳಿಯಂತ್ರ ಹೆಚ್ಚೆಂದರೆ ಎಷ್ಟು ಶಕ್ತಿ ತೆಗೆಯಬಲ್ಲದು ಎಂದು 1920ರಲ್ಲಿ ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿದರು. ಉತ್ತರ 27ರಲ್ಲಿ 16 ಪಾಲು, ಅಂದರೆ ಶೇ 59.3. ಅದಕ್ಕಿಂತ ಹೆಚ್ಚು ಕಸಿಯಲು ಹೋದರೆ ಗಾಳಿ ಫ್ಯಾನಿನ ಹಿಂದೆ ನಿಂತೇ ಬಿಡುತ್ತದೆ, ಮುಂದಿನ ಗಾಳಿ ಬರಲು ಜಾಗವಿಲ್ಲದೆ ಪಕ್ಕಕ್ಕೆ ಸರಿಯುತ್ತದೆ.

ಅಂಕಿಯಲ್ಲಿ ನೋಡಿದರೆ ವಿಷಯ ಬಿಗಿಯಾಗುತ್ತದೆ. ರೆಕ್ಕೆಗಳು ತಿರುಗುವ ಚಕ್ರದ ವ್ಯಾಸ 140 ಮೀಟರ್ ಎಂದು ಹಿಡಿಯಿರಿ. ಈಗ ನಿಲ್ಲಿಸುತ್ತಿರುವ ಹಲವು ಯಂತ್ರಗಳ ಗಾತ್ರ ಇದರ ಆಸುಪಾಸಿನದೇ. ಆ ಚಕ್ರದ ವಿಸ್ತೀರ್ಣ ಸುಮಾರು 15,400 ಚದರ ಮೀಟರ್. ನಮ್ಮ ಎತ್ತರದಲ್ಲಿ, ನಮ್ಮ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕಿಲೋ ತೂಗುತ್ತದೆ. ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸುತ್ತಿದ್ದರೆ, ಬೆಟ್ಜ್ ಹೇಳಿದ ಉತ್ತಮ ಸ್ಥಿತಿಯಲ್ಲಿ, ಪ್ರತಿ ಸೆಕೆಂಡಿಗೆ ಸುಮಾರು 90 ಟನ್ ಗಾಳಿ ಆ ಚಕ್ರವನ್ನು ಹಾಯ್ದು ಹೋಗುತ್ತದೆ. ಬರುವಾಗ 8 ಮೀಟರ್ ಇದ್ದ ವೇಗ ಹಿಂದೆ ಹೋಗುವಾಗ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಸೆಕೆಂಡಿಗೆ ಕಳೆದ ಸಂವೇಗವನ್ನು ಲೆಕ್ಕ ಹಾಕಿದರೆ ಬಲ 4,80,000 ನ್ಯೂಟನ್ ದಾಟುತ್ತದೆ. ಹತ್ತಿರ ಹತ್ತಿರ 49 ಟನ್ ತೂಕದ ತಳ್ಳು!

ಈ ತಳ್ಳು ಎಲ್ಲಿಗೆ ಹೋಯಿತು? ರೆಕ್ಕೆಯಿಂದ ಗುಂಬಕ್ಕೆ, ಗುಂಬದಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ, ತಳಪಾಯದಿಂದ ಭೂಮಿಗೆ. ಫ್ಯಾನು ನಿಲ್ಲಿಸುವಾಗ ತಗ್ಗು ತೋಡಿ, ಕಬ್ಬಿಣದ ಜಾಲ ಹೆಣೆದು, ನೂರಾರು ಘನ ಮೀಟರ್ ಕಾಂಕ್ರೀಟ್ ಸುರಿದದ್ದನ್ನು ಊರಿನವರೆಲ್ಲ ನಿಂತು ನೋಡಿದ್ದಾರೆ. ಕಂಬದ ಭಾರ ಹೊರಲಷ್ಟೇ ಆಗಿದ್ದರೆ ಅಷ್ಟು ಅಗಲದ ತಳಪಾಯ ಬೇಕಿರಲಿಲ್ಲ. ನೂರು ಮೀಟರಿಗೂ ಎತ್ತರದಲ್ಲಿ ಗಾಳಿ ಹಗಲೂ ರಾತ್ರಿ ಕೊಡುವ ತಳ್ಳಿಗೆ ಕಂಬ ಮಗುಚದಿರಲಿ ಎಂದು ಆ ಅಗಲ. ಗಾಳಿಯಿಂದ ಏನೂ ಕಡಿಮೆಯಾಗುವುದಿಲ್ಲ ಎನ್ನುವವರಿಗೆ ಆ ತಳಪಾಯವೇ ಉತ್ತರ. ಕಡಿಮೆಯಾಗದಿದ್ದರೆ ಇಷ್ಟು ಕಾಂಕ್ರೀಟ್ ಯಾವುದನ್ನು ತಡೆಯುತ್ತಿದೆ?

ಮುಂದಕ್ಕೆ ದಬ್ಬುತ್ತದೆ ಎನ್ನುವವರಿಗೂ ಉತ್ತರ ಹೊಲದಲ್ಲೇ ಇದೆ. ಫ್ಯಾನುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸುವಾಗ ನಡುವೆ ತುಂಬಾ ಅಂತರ ಬಿಡುತ್ತಾರೆ. ಗಾಳಿಯ ದಿಕ್ಕಿನಲ್ಲಿ ಚಕ್ರದ ವ್ಯಾಸದ ಐದು, ಏಳು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು. ಮುಂದಿನದು ಗಾಳಿಯನ್ನು ಕುಂದಿಸುತ್ತದೆ, ಹಿಂದಿನದಕ್ಕೆ ಸಾಕಷ್ಟು ಸಿಗುವುದಿಲ್ಲ ಎಂಬುದೇ ಕಾರಣ. ಫ್ಯಾನು ಗಾಳಿಯನ್ನು ದಬ್ಬುವ ಯಂತ್ರವಾಗಿದ್ದರೆ ಹಿಂದಿನ ಸಾಲು ಮುಂದಿನ ಸಾಲಿಗಿಂತ ಜೋರಾಗಿ ತಿರುಗಬೇಕಿತ್ತು, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದಷ್ಟೂ ಲಾಭ ಹೆಚ್ಚಬೇಕಿತ್ತು. ಜಮೀನಿಗೆ ಬಾಡಿಗೆ ಕೊಟ್ಟು, ರಸ್ತೆ ಮಾಡಿ, ತಂತಿ ಎಳೆದು ಇಷ್ಟು ದೂರ ದೂರ ನಿಲ್ಲಿಸುವ ಖರ್ಚನ್ನು ಯಾರೂ ಸುಮ್ಮನೆ ಮಾಡುವುದಿಲ್ಲ.

ಗಾಳಿಯನ್ನು ಕುಂದಿಸುವುದು ಖರೆ ಎಂದಾದರೆ, ಆ ಕುಂದಿನಿಂದಲೇ ಮಳೆ ಹೋಗಿರಬಹುದಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಇದಕ್ಕೂ ಲೆಕ್ಕವೇ ಉತ್ತರ. ನೆಲದಿಂದ ಆಕಾಶದ ತುದಿಯವರೆಗೆ, ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 10 ಟನ್ ಗಾಳಿ ನಿಂತಿದೆ. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಕೋಟಿ ಟನ್. ಅದೆಲ್ಲ 8 ಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದುಕೊಂಡರೆ, ಒಂದು ಕಿಲೋಮೀಟರ್ ದಾಟಲು ಅದಕ್ಕೆ 125 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಒಂದು ಫ್ಯಾನು ಕಸಿಯುವುದು ಆ ಗಾಳಿಯ ಒಟ್ಟು ಸಂವೇಗದ 1,300ರಲ್ಲಿ ಒಂದು ಪಾಲು. ಅದೂ ನೆಲಕ್ಕೆ ಹತ್ತಿದ, ಸುಮಾರು 200 ಮೀಟರ್ ಒಳಗಿನ ಪದರದಿಂದ. ಮಳೆಮೋಡಗಳ ತಳ ಇಲ್ಲಿ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೂ ಮೇಲಿದ್ದು, ತಲೆ ಇನ್ನೂ ಎಷ್ಟೋ ಕಿಲೋಮೀಟರ್ ಎತ್ತರಕ್ಕೆ ಹೋಗುತ್ತದೆ. ಮುಂಗಾರಿನ ತೇವ ಹೊತ್ತು ತರುವ ಪಡುವಣ ಗಾಳಿಯ ಬಿರುಸು ಅತಿ ಹೆಚ್ಚಿರುವುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಫ್ಯಾನಿನ ರೆಕ್ಕೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಫ್ಯಾನಿನ ಹಿಂದೆ ಕುಂದಿದ ಗಾಳಿಯೂ ಹಾಗೇ ಉಳಿಯದು. ಸುತ್ತಲಿನ, ಮೇಲಿನ ಜೋರು ಗಾಳಿ ಅದರೊಳಗೆ ಬೆರೆತು ತನ್ನ ಸಂವೇಗ ಹಂಚುತ್ತದೆ. ಹಗಲಿನ ಕಾದ ಗಾಳಿಯಲ್ಲಿ ಒಂಟಿ ಫ್ಯಾನಿನ ಹಿಂದಿನ ಮಂದಗಾಳಿ ಒಂದೆರಡು ಕಿಲೋಮೀಟರಿನೊಳಗೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಸಮುದ್ರದ ಮೇಲಿನ ದೊಡ್ಡ ಸಮೂಹಗಳ ಹಿಂದೆ ಅದು ಹತ್ತಾರು ಕಿಲೋಮೀಟರ್ ಚಾಚುವುದುಂಟು.

ಇನ್ನೂ ಒಂದು ಮಾತು. ಗಾಳಿ ನಿಧಾನವಾದರೆ ಮಳೆ ಕಡಿಮೆಯಾಗಬೇಕು ಎಂಬ ನಿಯಮವೇನೂ ಇಲ್ಲ. ಹಿಂದಿನಿಂದ ಜೋರಾಗಿ ಬಂದ ಗಾಳಿ ಮುಂದೆ ಮಂದವಾದರೆ ಅದು ಒತ್ತೊತ್ತಾಗಿ ಮೇಲಕ್ಕೇಳಬೇಕಾಗುತ್ತದೆ. ಮೇಲಕ್ಕೇಳುವ ತೇವದ ಗಾಳಿಯೇ ಮೋಡ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸಹಾರಾ ಮರುಭೂಮಿಯ ತುಂಬ ಗಾಳಿಯಂತ್ರ, ಸೌರಫಲಕ ಹಾಸಿದರೆ ಏನಾದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿತು. ಅಲ್ಲಿ ಮಳೆ ಹೆಚ್ಚಿತು. ಅದು ಲಕ್ಷಾಂತರ ಚದರ ಕಿಲೋಮೀಟರಿನ ಕಲ್ಪನೆಯ ಯೋಜನೆ, ಕುಷ್ಟಗಿಗೆ ಹಾಗೇ ಅನ್ವಯಿಸಲಾಗದು. ಆದರೆ ಭೌತಶಾಸ್ತ್ರ ಬೆರಳು ತೋರುವ ದಿಕ್ಕು ನಮ್ಮ ನಂಬಿಕೆಯ ದಿಕ್ಕಿಗೆ ತದ್ವಿರುದ್ಧ ಎಂಬುದಂತೂ ಅದರಿಂದ ತಿಳಿಯುತ್ತದೆ.

ಹಾಗಾದರೆ ಇಷ್ಟು ಜನ ಕಣ್ಣಾರೆ ಕಂಡದ್ದು ಏನು? ಇಲ್ಲಿ ನಾನು ರೈತರ ಪರ ನಿಲ್ಲುತ್ತೇನೆ. ಅವರು ಕಂಡದ್ದು ನಿಜ. ಆಷಾಢದಲ್ಲಿ ಗಾಳಿ ಹುಯಿಲೆಬ್ಬಿಸಿ ಬೀಸುತ್ತದೆ, ಫ್ಯಾನುಗಳು ಹಗಲಿರುಳು ತಿರುಗುತ್ತವೆ, ಮೋಡಗಳು ತಲೆಯ ಮೇಲೆ ಪೂರ್ವಕ್ಕೆ ಓಡುತ್ತವೆ, ಹನಿ ಮಾತ್ರ ಬೀಳುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಗಾಳಿ ಇಳಿಯುತ್ತದೆ, ಎಷ್ಟೋ ಫ್ಯಾನುಗಳು ನಿಲ್ಲುತ್ತವೆ, ಆಗ ಗುಡುಗು ಸಿಡಿಲಿನ ಮಳೆ ಬರುತ್ತದೆ. ಫ್ಯಾನು ತಿರುಗಿದರೆ ಮಳೆಯಿಲ್ಲ, ಫ್ಯಾನು ನಿಂತರೆ ಮಳೆ. ವರ್ಷ ವರ್ಷವೂ ಇದೇ ಕಂಡರೆ ಯಾರಾದರೂ ಎರಡಕ್ಕೂ ಗಂಟು ಹಾಕುತ್ತಾರೆ. ಗಮನಿಸಿದ್ದು ಸರಿಯಾಗಿದೆ. ಯಾವುದು ಯಾವುದಕ್ಕೆ ಕಾರಣ ಎಂಬಲ್ಲಿ ತಲೆಕೆಳಗಾಗಿದೆ.

ಪಡುವಣದಿಂದ ಬರುವ ಮುಂಗಾರಿನ ಗಾಳಿ ಸಹ್ಯಾದ್ರಿಯನ್ನು ಏರುವಾಗ ತನ್ನ ನೀರನ್ನು ಅಲ್ಲೇ ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಕುಷ್ಟಗಿಗೆ 600ರ ಆಸುಪಾಸು. ಘಟ್ಟ ಇಳಿದು ಬಯಲಿಗೆ ಬರುವ ಗಾಳಿ ಕೆಳಗಿಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ. ಅದರ ವೇಗ ಮಾತ್ರ ಉಳಿದಿರುತ್ತದೆ. ಅದೇ ವೇಗ ಫ್ಯಾನನ್ನು ತಿರುಗಿಸುತ್ತದೆ, ಅದೇ ವೇಗ ಮೋಡವನ್ನು ಓಡಿಸುತ್ತದೆ. ಕಂಪನಿಗಳು ಈ ಸೀಮೆಯನ್ನು ಆಯ್ದುಕೊಂಡದ್ದೂ ಇಂಥ ಗಾಳಿ ಇದೆಯೆಂದೇ. ಮಳೆನೆರಳಿನ ನಾಡು ಎಂಬ ಕಾರಣಕ್ಕೆ ಫ್ಯಾನು ಬಂತು. ಫ್ಯಾನು ಬಂದ ಕಾರಣಕ್ಕೆ ಮಳೆನೆರಳಾಗಲಿಲ್ಲ. ಡೋಗಿ ಬರ ಎಂದು ಉತ್ತರ ಕರ್ನಾಟಕ ಇಂದಿಗೂ ನೆನೆಯುವ 1791–92ರ ಬರ, 1876–78ರ ಮಹಾಕ್ಷಾಮ, 1972ರ ಬರ, ಇವುಗಳಲ್ಲಿ ಯಾವುದರ ಕಾಲಕ್ಕೂ ಈ ಬಯಲಿನಲ್ಲಿ ಒಂದೇ ಒಂದು ಗಾಳಿಯಂತ್ರವಿರಲಿಲ್ಲ. 2023ರಲ್ಲಿ ಎಲ್ ನಿನೊ ಬಂದಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಫ್ಯಾನಿನ ನೆರಳೂ ಬೀಳದ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳೂ ಅದರಲ್ಲಿದ್ದವು. ಅದಕ್ಕೆ ಹಿಂದಿನ ವರ್ಷ, ಇವುಗಳಲ್ಲಿ ಎಷ್ಟೋ ಫ್ಯಾನುಗಳು ಆಗಲೇ ತಿರುಗುತ್ತಿದ್ದರೂ, ರಾಜ್ಯದಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಗಿತ್ತು.

ಫ್ಯಾನಿನಿಂದ ಹವೆಯ ಮೇಲೆ ಪರಿಣಾಮವೇ ಇಲ್ಲ ಎಂದು ಇಷ್ಟರಿಂದ ಯಾರಾದರೂ ತೀರ್ಮಾನಿಸಿದರೆ ಅದೂ ಅನ್ಯಾಯ. ರೆಕ್ಕೆಗಳು ಗಾಳಿಯನ್ನು ಕುಂದಿಸುವುದಲ್ಲದೆ ಕಲಕುತ್ತವೆ. ರೆಕ್ಕೆ ಒಂದು ಕಡೆಗೆ ತಿರುಗಿದರೆ ಹಿಂದಿನ ಗಾಳಿ ಎದುರು ಕಡೆಗೆ ಸುಳಿಯಾಗಿ ತಿರುಗುತ್ತದೆ. ಅದೂ ಮೂರನೇ ನಿಯಮದ ಕೆಲಸವೇ. ರಾತ್ರಿ ಹೊತ್ತು ನೆಲಕ್ಕೆ ಹತ್ತಿದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಈ ಕಲಕಾಟ ಮೇಲಿನ ಬಿಸಿಯನ್ನು ಕೆಳಗೆ ತರುತ್ತದೆ. ವಿಜ್ಞಾನಿ ಸೋಮನಾಥ ಬೈದ್ಯ ರಾಯ್ ಮತ್ತು ಸಂಗಡಿಗರೊಬ್ಬರು 2010ರಲ್ಲಿ ಕ್ಯಾಲಿಫೋರ್ನಿಯಾದ ಗಾಳಿಯಂತ್ರಗಳ ನಡುವೆ ಅಳೆದ ಉಷ್ಣತೆಯಿಂದ ಇದನ್ನು ತೋರಿಸಿದರು. 2012ರಲ್ಲಿ ಟೆಕ್ಸಾಸ್ ರಾಜ್ಯದ ದೊಡ್ಡ ಗಾಳಿ ಸಮೂಹಗಳ ಉಪಗ್ರಹ ಚಿತ್ರಗಳು, ಮುಖ್ಯವಾಗಿ ರಾತ್ರಿ ಹೊತ್ತು, ಅಲ್ಲಿನ ನೆಲ ಸುತ್ತಲಿನ ಪ್ರದೇಶಕ್ಕಿಂತ ಬೆಚ್ಚಗಾದದ್ದನ್ನು ಹೇಳಿದವು. 2008ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಕಡಲಲ್ಲಿ ಹಾರ್ನ್ಸ್ ರೆವ್ ಎಂಬಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಫ್ಯಾನುಗಳ ಹಿಂದೆ ಮಂಜಿನ ಬಾಲ ಹುಟ್ಟಿರುವುದನ್ನು ಕಾಣಬಹುದು. ಫ್ಯಾನಿನ ಪಕ್ಕದ ಹೊಲದಲ್ಲಿ ರಾತ್ರಿಯ ಇಬ್ಬನಿ ಎಷ್ಟು ಬೀಳುತ್ತದೆ, ಹಿಂಗಾರಿಯ ಕಡಲೆ, ಬಿಳಿಜೋಳಕ್ಕೆ ಅದರಿಂದ ಏನಾಗುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ. ಇದನ್ನು ನಮ್ಮ ಮಣ್ಣಿನಲ್ಲೇ ಅಳೆಯಬೇಕು. ಪುಕ್ಕಟೆ ಗಾಳಿ ಎಂಬ ಮಾತಿನ ಕೆಳಗೆ ಇಂಥ ಪ್ರಶ್ನೆ ಹೂತುಹೋಗಬಾರದು.

ನನಗೆ ಹೆಚ್ಚು ನೋವಾಗುವುದು ಶಾಲೆಯ ವಿಚಾರದಲ್ಲಿ. ತರಗತಿಯ ಕಿಟಕಿಯಿಂದ ಫ್ಯಾನು ಕಾಣುವ ಊರಿನಲ್ಲಿ ಮಕ್ಕಳು ಸಂವೇಗವನ್ನು ಬಂದೂಕಿನ ಉದಾಹರಣೆಯಿಂದ ಕಲಿಯುತ್ತಾರೆ. ಬಂದೂಕನ್ನು ಅವರಲ್ಲಿ ಯಾರೂ ಹಿಡಿದಿಲ್ಲ. 2022ರಲ್ಲಿ ಪಠ್ಯದ ಹೊರೆ ಇಳಿಸುವ ನೆಪದಲ್ಲಿ ಎನ್‌ಸಿಇಆರ್‌ಟಿ ತನ್ನ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಸಂವೇಗ ಸಂರಕ್ಷಣೆಯ ಭಾಗವನ್ನೇ ತೆಗೆಯಿತು. ಸೂತ್ರ ಉಳಿಯಿತು, ಅದು ಯಾತಕ್ಕೆ ಬೇಕೆಂಬುದು ಹೋಯಿತು. ಒಂದು ಕಳೆದದ್ದನ್ನು ಇನ್ನೊಂದು ಪಡೆಯಲೇಬೇಕು ಎಂಬ ನಿಯಮವನ್ನು ಬಿಟ್ಟರೆ ಸಂವೇಗವೆಂಬುದು ಗುಣಾಕಾರದ ಲೆಕ್ಕ ಮಾತ್ರ. ಆ ನಿಯಮ ಗೊತ್ತಿದ್ದ ಹುಡುಗಿ, ಫ್ಯಾನು ಮೋಡ ದಬ್ಬುತ್ತದೆ ಎಂದ ಅಜ್ಜನಿಗೆ, "ಯಜ್ಜಾ, ದಬ್ಬಾಕ ಅದಕ್ಕ ಕರೆಂಟ್ ಬೇಕಲ್ಲ? ಅದು ಕರೆಂಟ್ ಕೊಡಾಕತ್ತೈತಿ" ಎಂದು ಉತ್ತರ ಕೊಟ್ಟಾಳು. ಇಂಥ ಪಾಠವನ್ನು ಹೊರೆ ಎಂದವರ ತೀರ್ಮಾನವನ್ನು ನಾನು ಒಪ್ಪಲಾರೆ.

ಫ್ಯಾನುಗಳ ವಿರುದ್ಧ ರೈತರ ಬಳಿ ಗಟ್ಟಿ ದೂರುಗಳಿವೆ. ಭಾರೀ ಗಾಡಿಗಳು ಓಡಾಡಿ ಹಾಳಾದ ಹೊಲದ ದಾರಿ, ಮಣ್ಣು ತುಂಬಿ ಮುಚ್ಚಿಹೋದ ಹಳ್ಳದ ಹರಿವು, ರಾತ್ರಿಯ ಸದ್ದು, ಸಂಜೆ ಮನೆಯ ಗೋಡೆಯ ಮೇಲೆ ಓಡಾಡುವ ರೆಕ್ಕೆಯ ನೆರಳು, ಓದಿ ಹೇಳದೆ ಸಹಿ ಹಾಕಿಸಿಕೊಂಡ ಬಾಡಿಗೆ ಕರಾರು. ಇವೆಲ್ಲ ಅಳೆಯಬಹುದಾದ, ಕಾಗದದ ಮೇಲೆ ಸಾಬೀತು ಮಾಡಬಹುದಾದ ಸಂಗತಿಗಳು. ಆದರೆ ಸಭೆಯಲ್ಲಿ ಮೊದಲು ಎದ್ದು ನಿಲ್ಲುವ ಮಾತು ಮಳೆಯದ್ದು. ಅದನ್ನು ಎದುರಿನವರು ಎರಡು ನಿಮಿಷದಲ್ಲಿ ತಳ್ಳಿಹಾಕುತ್ತಾರೆ, ಅದರ ಜೊತೆಗೆ ಉಳಿದ ದೂರುಗಳೂ ಬಿದ್ದುಹೋಗುತ್ತವೆ. ತಪ್ಪು ಭೌತಶಾಸ್ತ್ರದಿಂದ ನಷ್ಟವಾಗುವುದು ಕೊನೆಗೆ ರೈತನಿಗೇ.

ಮಳೆಯ ಅನುಮಾನ ಇನ್ನೂ ಉಳಿದವರಿಗೆ ಒಂದು ದಾರಿಯಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೇ ಮಳೆಮಾಪಕಗಳನ್ನು ಇಟ್ಟಿದೆ. ಫ್ಯಾನು ಬರುವ ಮೊದಲಿನ ಮತ್ತು ಬಂದ ನಂತರದ ಮಳೆಯ ದಾಖಲೆಯನ್ನು, ಫ್ಯಾನಿರುವ ಪಂಚಾಯಿತಿಗೂ ಇಲ್ಲದ ಪಂಚಾಯಿತಿಗೂ ಹೋಲಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ ಎಂದು ಕೇಳಿ. ಅದೇ ಸಭೆಯಲ್ಲಿ ದಾರಿ, ಹಳ್ಳ, ಬಾಡಿಗೆಯ ದೂರುಗಳನ್ನು ಒಂದೊಂದಾಗಿ ಬರೆಸಿ, ಅವಕ್ಕೆ ಉತ್ತರ ಬರುವವರೆಗೆ ಹೊಸ ಕಂಬಕ್ಕೆ ಒಪ್ಪಿಗೆಯ ಠರಾವು ಕೊಡಬೇಡಿ.